ಗಿನಿಪಿಗ್ ಜೋಡಿಗೆ ಬದುವಿನ ಹುಲ್ಲು ಸಾಕು, ಸೊಪ್ಪು ಮಾತ್ರ ತಪ್ಪಬಾರದು

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ರಾಗಿ, ಟೊಮೇಟೊ, ನಾಲ್ಕು ಹಸು. ಇವುಗಳ ನಡುವೆ ಒಂದೂವರೆ ವರ್ಷದಿಂದ ಗಿನಿಪಿಗ್‌ಗಳೂ ಇವೆ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನನ್ನ ಸೋದರಳಿಯ, ಅಲ್ಲಿನ ಅಂಗಡಿಯೊಂದರಿಂದ ಒಂದು ಜೋಡಿ ತಂದು ನನ್ನ ಮಗಳ ಕೈಗಿಟ್ಟ. ಮಕ್ಕಳ ಆಟಕ್ಕೆ ಬಂದದ್ದಾದರೂ ಮೇವು, ಗೂಡು, ಕಾಯಿಲೆ ನೋಡಬೇಕಾದವರು ದೊಡ್ಡವರೇ ತಾನೆ? ಆಮೇಲೆ ಹೊಸದಾಗಿ ತಂದ ನಾಲ್ಕೈದು ಮನೆಯವರು ಬಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನಲ್ಲಿ ಪಿಗ್ ಇದ್ದರೂ ಇದು ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯದು, ಇಲಿ, ಅಳಿಲುಗಳ ಬಳಗದ್ದು. ಪೆರು ದೇಶದ ರೈತರು ಇದನ್ನು ಸಾವಿರಾರು ವರ್ಷಗಳಿಂದ ಮನೆಯಲ್ಲೇ ಮಾಂಸಕ್ಕೆ ಸಾಕುತ್ತ ಬಂದಿದ್ದಾರೆ. ಅಲ್ಲಿ ಇದರ ಹೆಸರು ಕುಯ್. ಕೂಗುವುದೂ ಹಾಗೇ, ಕುಯ್ ಕುಯ್ ಅಂತ. ಬೆಳೆದದ್ದು ಮುಕ್ಕಾಲು ಕಿಲೋದಿಂದ ಒಂದು ಕಿಲೋ ಚಿಲ್ಲರೆ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ ಬದುಕುತ್ತದೆ. ನೋಡುವವರಿಗೆ ಮೊಲದ ತಮ್ಮನ ಹಾಗೆ ಕಾಣುತ್ತದೆ. ತೊಂದರೆ ಶುರುವಾಗುವುದು ಇಲ್ಲೇ.

ಚಾಂಪಿಯನ್ ರೀಫ್ಸ್‌ನಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಮೊಮ್ಮಗಳಿಗಾಗಿ ಎರಡು ಗಿನಿಪಿಗ್ ತಂದಿದ್ದರು. ಒಂದು ದಿನ ಬಂದು, “ಅಣ್ಣಾ, ಒಂದರ ಹಿಂಗಾಲು ಬಿದ್ದೋಗಿದೆ. ಎಳ್ಕೊಂಡು ಹೋಗ್ತದೆ. ಲಕ್ವಾನಾ?” ಎಂದರು. ಏನು ಹಾಕುತ್ತೀರಿ ಎಂದು ಕೇಳಿದೆ. ಅಂಗಡಿಯವರು ಕೊಟ್ಟ ಮೊಲದ ಫೀಡು, ಬನ್ನು, ಬಿಸ್ಕತ್ತು. ಸೊಪ್ಪು ಹಾಕಿದರೆ ಭೇದಿಯಾಗುತ್ತದೆ ಎಂದು ಯಾರೋ ಹೆದರಿಸಿದ್ದರಂತೆ. ಹೋಗಿ ನೋಡಿದರೆ ಕೀಲುಗಳು ಊದಿದ್ದವು, ಮುಟ್ಟಿದರೆ ಕಿರುಚುತ್ತಿತ್ತು. ಇನ್ನೊಂದು ಆಗಲೇ ಮೇವು ಬಿಟ್ಟಿತ್ತು. ಪಶುವೈದ್ಯರು ನೋಡಿ, ಲಕ್ವಾ ಅಲ್ಲ, ಸಿ ವಿಟಮಿನ್ ಕೊರತೆ ಎಂದರು. ಕಾಲು ಎಳೆಯುತ್ತಿದ್ದದ್ದು ಔಷಧಿ, ಸೊಪ್ಪಿನಿಂದ ಎರಡು ವಾರದಲ್ಲಿ ಚೇತರಿಸಿಕೊಂಡಿತು. ಮೇವು ಬಿಟ್ಟದ್ದು ಉಳಿಯಲಿಲ್ಲ.

ಹಸು, ಕುರಿ, ನಾಯಿ, ಮೊಲ ಇವುಗಳ ಮೈಯಲ್ಲಿ ಸಿ ವಿಟಮಿನ್ ತಾನಾಗಿ ತಯಾರಾಗುತ್ತದೆ. ಗಿನಿಪಿಗ್‌ಗೆ ಆಗುವುದಿಲ್ಲ, ನಮಗೂ ಆಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ನೋಡಿದ್ದರು. ಹಿಂದೆ ಹಡಗಿನವರನ್ನು ಸಾಯಿಸುತ್ತಿದ್ದ ಸ್ಕರ್ವಿ ರೋಗವೇ ಅವಕ್ಕೂ ಬಂತು. ಎಲೆಕೋಸು, ನಿಂಬೆರಸ ಕೊಟ್ಟಾಗ ರೋಗ ತಡೆಯಿತು. ಆದ್ದರಿಂದ ಮೊಲದ ಫೀಡು ಎಷ್ಟೇ ಒಳ್ಳೆಯದಿರಲಿ, ಇದಕ್ಕೆ ಅದೊಂದೇ ಸಾಲದು.

ಮೇವಿನ ಲೆಕ್ಕ

ದಿನದ ಮೇವಿನಲ್ಲಿ ಮುಕ್ಕಾಲು ಪಾಲು ಹುಲ್ಲೇ ಇರಬೇಕು. ಇದರ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಹುಲ್ಲು ಅರೆದರೆ ಮಾತ್ರ ಸವೆಯುತ್ತದೆ. ಬೆಂಗಳೂರಿನಲ್ಲಿ ಟಿಮೊತಿ ಎಂಬ ಪರದೇಶದ ಒಣಹುಲ್ಲನ್ನು ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಅದರ ಬೆಲೆ ಹೇಳಿದರೆ ನಮ್ಮ ಡೈರಿಗೆ ಹಾಲು ಹಾಕುವವರು ನಕ್ಕಾರು. ನಾನು ಬದುವಿನ ಗರಿಕೆಯನ್ನು ಹೂ ಬಿಡುವ ಮೊದಲೇ ಕೊಯ್ದು, ನೆರಳಿನಲ್ಲಿ ಹರಡಿ, ದಿನಕ್ಕೆರಡು ಸಲ ತಿರುವಿಹಾಕಿ ಒಣಗಿಸುತ್ತೇನೆ. ಹಿಡಿಯಲ್ಲಿ ಹಿಂಡಿದರೆ ಸರಸರ ಎನ್ನಬೇಕು, ಬಣ್ಣ ಹಸಿರಾಗಿಯೇ ಉಳಿಯಬೇಕು. ನಮ್ಮ ಕಡೆ ಮಳೆ ಹೆಚ್ಚು ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅದು ಕಳೆದ ಮೇಲೆ ಬೇಸಿಗೆಗೆ ಬೇಕಾದಷ್ಟು ಒಣಗಿಸಿ ಗೋಣಿಚೀಲದಲ್ಲಿ ತೂಗುಹಾಕುತ್ತೇನೆ. ಬೂಸಲು ವಾಸನೆ ಬಂದ ಹುಲ್ಲು ತಿಪ್ಪೆಗೆ. ರಾಗಿಹುಲ್ಲಿನ ಎಲೆಯ ಭಾಗವನ್ನೂ ತಿನ್ನುತ್ತವೆ, ದಂಟು ಬಿಡುತ್ತವೆ.

ಸೊಪ್ಪು ಎರಡು ಹೊತ್ತು, ಒಂದೊಂದಕ್ಕೆ ಒಂದೊಂದು ಹಿಡಿ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 20 ಮಿಲಿಗ್ರಾಂ ಸಿ ವಿಟಮಿನ್ ಬೇಕು, ಗಬ್ಬದ ಹೆಣ್ಣಿಗೆ ಸುಮಾರು 30. ದಪ್ಪ ಮೆಣಸಿನಕಾಯಿಯ ಎರಡು ಬೆರಳಗಲದ ಹೋಳು ಕೊಟ್ಟರೆ ದಿನದ ಅಗತ್ಯ ಹೆಚ್ಚುಕಡಿಮೆ ಮುಗಿಯಿತು. ಕೊತ್ತಂಬರಿ ಸೊಪ್ಪೂ ಒಳ್ಳೆಯದು. ಸೀಬೆಹಣ್ಣಿನಲ್ಲಿ ಬೇಕಾದಷ್ಟಿದೆ, ಆದರೆ ಸಿಹಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ವಾರಕ್ಕೊಂದು ಚೂರು ಸಾಕು. ನುಗ್ಗೆಸೊಪ್ಪು ಪುಷ್ಟಿ ನಿಜ, ಸುಣ್ಣದ ಅಂಶವೂ ಜಾಸ್ತಿ. ಬೆಳೆದವಕ್ಕೆ ದಿನಾ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯ. ಕುದುರೆ ಮೆಂತ್ಯಕ್ಕೂ ಇದೇ ಮಾತು. ಮರಿಗಳಿಗೆ, ಗಬ್ಬದವಕ್ಕೆ ಮಾತ್ರ ಧಾರಾಳ. ವಿಟಮಿನ್ ಹನಿಯನ್ನು ಕುಡಿಯುವ ನೀರಿಗೆ ಹಾಕುವುದು ದಂಡ. ನೀರಿನಲ್ಲಿ ಅದರ ಗುಣ ಬೇಗ ಹೋಗುತ್ತದೆ.

ಮಾರ್ಕೆಟ್ಟಿನ ಹೂಕೋಸಿನ ಎಲೆ ಪುಕ್ಕಟೆ ಸಿಗುತ್ತದೆಂದು ತಂದು ಹಾಕಬೇಡಿ. ಔಷಧಿ ಹೊಡೆಯುವವರು ನಾವೇ, ನಮಗೆ ಗೊತ್ತಿಲ್ಲವೇ? ಹಿತ್ತಿಲಲ್ಲಿ ಎರಡು ಮಡಿ ಕೊತ್ತಂಬರಿ, ಹತ್ತು ಗಿಡ ದಪ್ಪ ಮೆಣಸಿನಕಾಯಿ ಹಾಕಿಕೊಂಡರೆ ಜೋಡಿಗೆ ಸಾಕು, ಮನೆಗೂ ಆಯಿತು. ಕೆ.ಜಿ.ಎಫ್.ನವರು ಸೈನೈಡ್ ಗುಡ್ಡಗಳ ಪಕ್ಕದ ಹುಲ್ಲು ಕೊಯ್ಯದಿರುವುದು ವಾಸಿ. ಗಾಳಿಗೆ ಅದರ ಧೂಳು ಹಾರಿ ಹುಲ್ಲಿನ ಮೇಲೆ ಕೂರುತ್ತದೆ. ಟೊಮೇಟೊ ಗಿಡದ ಎಲೆ, ದಂಟು, ಆಲೂಗಡ್ಡೆ ಗಿಡ ಇದಕ್ಕೆ ವಿಷ. ನಮ್ಮ ಜಿಲ್ಲೆಯಲ್ಲಿ ಮಕ್ಕಳ ಕೈಗೆ ಮೊದಲು ಸಿಗುವುದೇ ಟೊಮೇಟೊ ಎಲೆ, ಮೊದಲ ದಿನವೇ ಹೇಳಿಡಿ. ಹರಳು, ಕಣಗಿಲೆ, ಪಾರ್ಥೇನಿಯಂ, ಎಳೆ ಜೋಳದ ಪೈರು ಕೂಡದು. ಹಸುವಿನ ಹಿಂಡಿಯೂ ಬೇಡ. ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಷವನ್ನು ಇದರ ಪಿತ್ತಜನಕಾಂಗ ತಡೆಯದು.

ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಸಹಜ. ಒಮ್ಮೆಗೆ ಜೀರ್ಣವಾಗದ ಸತ್ವವನ್ನು ಎರಡನೇ ಸಲ ಪಡೆಯುವ ರೀತಿ ಅದು, ನಮ್ಮ ಹಸು ಮೆಲುಕು ಹಾಕಿದ ಹಾಗೆ.

ಗೂಡು ಮತ್ತು ಬಿಸಿಲು

ಐದಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಮರದ ಕಟ್ಟು ಮಾಡಿಸಿದ್ದೇನೆ. ಇವು ಏರಲಾರವು, ಎತ್ತರಕ್ಕೆ ಹಾರಲಾರವು. ಆದರೂ ಮೇಲೆ ಅರ್ಧ ಇಂಚಿನ ಜಾಲರಿ ಬೇಕು, ಬೆಕ್ಕು, ಹೆಗ್ಗಣ, ಹಾವಿನ ಕಾಟಕ್ಕೆ. ತಳಕ್ಕೆ ಮಾತ್ರ ಜಾಲರಿ ಬೇಡ, ಪಾದ ಹುಣ್ಣಾಗುತ್ತದೆ. ಕಾಗದ ಹಾಸಿ ಮೇಲೆ ಹಳೆ ಹತ್ತಿ ಸೀರೆ ಹಾಸಿದರಾಯಿತು. ಒದ್ದೆಯಾದದ್ದನ್ನು ದಿನಾ ತೆಗೆಯಬೇಕು.

ಇದು ತಂಪು ಬೆಟ್ಟದ ಪ್ರಾಣಿ. 18ರಿಂದ 24 ಡಿಗ್ರಿ ಇದಕ್ಕೆ ಹಿತ, 28 ದಾಟಿದರೆ ಕಷ್ಟ. ನಮ್ಮಲ್ಲಿ ಏಪ್ರಿಲ್‌ನಲ್ಲಿ 35 ಮುಟ್ಟುತ್ತದೆ. ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ ಇಡಲೇಬಾರದು. ಬಾಯಿ ಒಡೆದ ಎರಡು ಮಣ್ಣಿನ ಮಡಕೆಗಳನ್ನು ಅಡ್ಡ ಮಲಗಿಸಿಟ್ಟಿದ್ದೇನೆ, ಒಂದೊಂದಕ್ಕೆ ಒಂದು. ಹೆದರಿದಾಗ ಅಡಗುವುದಕ್ಕೂ ಆಯಿತು, ತಂಪಿಗೂ ಆಯಿತು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತೇವೆ. ಮೈ ಚಾಚಿ ಮಲಗಿ ಏದುಸಿರು ಬಿಟ್ಟರೆ, ಜೊಲ್ಲು ಸುರಿಸಿದರೆ, ತಂಪು ನೀರಿನ ಬಟ್ಟೆಯಲ್ಲಿ ಕಿವಿ, ಪಾದ ಒರೆಸಿ ನೆರಳಿಗೆ ತನ್ನಿ. ಐಸ್ ನೀರು ಹಾಕಬೇಡಿ.

ಹೊಸದಾಗಿ ತಂದಾಗ ಎರಡು ಮೂರು ದಿನ ಎತ್ತಿಕೊಳ್ಳದೆ ಬಿಡಿ. ಆಮೇಲೂ ಎತ್ತುವಾಗ ಎದೆಗೊಂದು ಕೈ, ಹಿಂಭಾಗಕ್ಕೊಂದು ಕೈ. ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಮಡಿಲಲ್ಲಿಟ್ಟುಕೊಳ್ಳಲಿ. ಬಿದ್ದರೆ ಮೂಳೆ ಮುರಿಯುತ್ತದೆ.

“ಎರಡೂ ಹೆಣ್ಣು” ಎಂದರು

ಅಂಗಡಿಯವರು ನಮ್ಮ ಹುಡುಗನಿಗೆ ಹಾಗೆಂದು ಹೇಳಿ ಕೊಟ್ಟಿದ್ದರು. ಮಾರನೇ ದಿನವೇ ತಿರುಗಿಸಿ ನೋಡಿದೆ. ಹೆಣ್ಣಿನ ಜಾಗ ಇಂಗ್ಲಿಷಿನ ವೈ ಅಕ್ಷರದ ಹಾಗಿರುತ್ತದೆ. ಗಂಡಿನದು ಸಣ್ಣ ಬಟನ್ನಿನ ಹಾಗೆ, ಅದರ ಮೇಲ್ಭಾಗ ಮೆಲ್ಲಗೆ ಒತ್ತಿದರೆ ಲಿಂಗ ಹೊರಗೆ ಕಾಣುತ್ತದೆ. ಒಂದು ಗಂಡಾಗಿತ್ತು. ಅಂದೇ ನಡುವೆ ಜಾಲರಿ ಹಾಕಿ ಬೇರೆ ಮಾಡಿದೆ. ಒಂದಕ್ಕೊಂದು ಕಾಣಬೇಕು, ಮಾತಾಡಬೇಕು, ಒಂಟಿಯಾದರೆ ಕೊರಗುತ್ತವೆ.

ಇಷ್ಟು ಅವಸರ ಯಾಕೆಂದರೆ, ಹೆಣ್ಣು ನಾಲ್ಕರಿಂದ ಆರು ವಾರಕ್ಕೇ ಗಬ್ಬ ನಿಲ್ಲಬಲ್ಲದು. ಗಬ್ಬದ ಅವಧಿ 59ರಿಂದ 72 ದಿನ. ಈದ ಕೆಲವೇ ಗಂಟೆಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಯಲ್ಲೇ ಇದ್ದರೆ ತಾಯಿಗೆ ಬಿಡುವೇ ಇಲ್ಲ. ಇನ್ನೊಂದು ವಿಷಯ ಹಸು ಸಾಕುವವರಿಗೆ ಹೊಸದು. ಕಡಸು ತಡವಾಗಿ ಗಬ್ಬವಾದರೂ ಈಯುತ್ತದೆ. ಗಿನಿಪಿಗ್ ಹೆಣ್ಣು ಆರೇಳು ತಿಂಗಳೊಳಗೆ ಮೊದಲ ಸಲ ಈಯದಿದ್ದರೆ ಸೊಂಟದ ಮೂಳೆಯ ಕೂಡುಭಾಗ ಬಿಗಿದುಬಿಡುತ್ತದೆ. ಆಮೇಲೆ ಗಬ್ಬವಾದರೆ ಮರಿ ಹೊರಬರದೆ ತಾಯಿ ಸಾಯುವುದೇ ಹೆಚ್ಚು. “ಒಂದು ಸಲ ಮರಿ ನೋಡೋಣ” ಎಂದು ವರ್ಷದ ಹೆಣ್ಣಿಗೆ ಗಂಡು ಬಿಡಬೇಡಿ.

ನಮ್ಮದು ಅಂಗಡಿಯಲ್ಲೇ ಗಬ್ಬವಾಗಿತ್ತು, ಪ್ರಾಯ ಚಿಕ್ಕದಿತ್ತು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಿದ್ದರಿಂದ ತಿಳಿಯಿತು. 52ನೇ ದಿನ ಮೂರು ಮರಿ ಹಾಕಿತು. ಮರಿಗಳಿಗೆ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲು, ಮಾರನೇ ದಿನ ಹುಲ್ಲು ಕಡಿಯುತ್ತವೆ. ಮೂರು ವಾರಕ್ಕೆ ಗಂಡುಮರಿಯನ್ನು ಅಪ್ಪನ ಕಡೆಗೆ ದಾಟಿಸಿದೆ, ಎರಡು ಹೆಣ್ಣು ತಾಯಿಯ ಜೊತೆಗೇ ಇವೆ.

ತೂಕದ ಪುಸ್ತಕ ಕಾಯಿಲೆಗೂ ಬೇಕು. ಈ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ತೂಕ ಮೊದಲು ಹೇಳುತ್ತದೆ. ಅರ್ಧ ದಿನ ಮೇವು ಮುಟ್ಟದಿದ್ದರೆ ನಾಳೆ ನೋಡೋಣ ಎನ್ನಬಾರದು. ಮೈ ಕೆರೆದುಕೊಂಡು ಕೂದಲು ಉದುರಿದರೆ ಸಾಮಾನ್ಯವಾಗಿ ಕಜ್ಜಿಹುಳು. ದುಂಡಗೆ ಹುರುಪೆ ಎದ್ದರೆ ಹುಳುಕಡ್ಡಿ, ಅದು ಮಕ್ಕಳಿಗೂ ಅಂಟುತ್ತದೆ. ಆಸ್ಪತ್ರೆಗೆ ಹೋದಾಗ ಒಂದು ಮಾತು ಬಾಯಿಬಿಟ್ಟು ಹೇಳಿ: ಹಸುವಿನ ಕೆಚ್ಚಲು ಬಾವಿಗೆ ಕೊಡುವ ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಿ ಗಿನಿಪಿಗ್‌ಗೆ ಆಗದು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಹೆಚ್ಚಿ, ಕೆಲವೇ ದಿನದಲ್ಲಿ ಪ್ರಾಣ ಹೋಗುತ್ತದೆ. ಹಸು, ಕುರಿ ನೋಡುವ ನಮ್ಮ ಡಾಕ್ಟರುಗಳ ಮುಂದೆ ಗಿನಿಪಿಗ್ ಬರುವುದು ಅಪರೂಪ, ಹೇಳಿದರೆ ಬೇಸರಪಡುವುದಿಲ್ಲ. ಬಗೆಹರಿಯದಿದ್ದರೆ ರೈಲು ಹತ್ತಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಒಯ್ಯಬಹುದು. ಒಯ್ಯುವಾಗ ಟೊಮೇಟೊ ಕ್ರೇಟಿಗೆ ಹುಲ್ಲು ಹಾಸಿ, ಮೇಲೆ ತೆಳು ಬಟ್ಟೆ ಕಟ್ಟಿ, ಜೊತೆಗಾರನನ್ನೂ ಅದರಲ್ಲೇ ಇಟ್ಟರೆ ದಾರಿಯಲ್ಲಿ ಹೆದರುವುದಿಲ್ಲ. ಬೆಳಗಿನ ರೈಲಾದರೆ ಬಿಸಿಲೂ ತಪ್ಪುತ್ತದೆ.