ಅಗಲದ ಮಾನಿಟರ್ ಕೊಳ್ಳೋ ಮುನ್ನ

ಗೇಮಿಂಗ್‌ಗೆ ಅಗಲವಾದ ಮಾನಿಟರ್ ಬೇಕು, ಆದ್ರೆ ಬಜೆಟ್ ಕಮ್ಮಿ ಅಂತೀರಾ? ಹಾಗಾದ್ರೆ ಇಂಚು ನೋಡೋ ಮೊದಲು ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ನೋಡಿ.

34 ಇಂಚಿನ ಅಲ್ಟ್ರಾವೈಡ್ ಸಾಮಾನ್ಯವಾಗಿ 3440×1440 ಪಿಕ್ಸೆಲ್‌ನದು. ಫುಲ್ ಎಚ್‌ಡಿಗಿಂತ ಸುಮಾರು 2.4 ಪಟ್ಟು ಹೆಚ್ಚು ಪಿಕ್ಸೆಲ್! ಹಳೇ ಕಾರ್ಡ್ ಇದ್ದರೆ ಗೇಮ್ ತಡವರಿಸುತ್ತೆ; ಆಮೇಲೆ ಕಾರ್ಡಿಗೂ ದುಡ್ಡು ಸುರಿಯಬೇಕು. 29 ಇಂಚಿನ 2560×1080 ಆದರೆ ಹೊರೆ ಮೂರನೇ ಒಂದರಷ್ಟು ಮಾತ್ರ ಹೆಚ್ಚು. ಆದ್ರೆ ಅದರ ಎತ್ತರ 23 ಇಂಚಿನ ಮಾಮೂಲಿ ಮಾನಿಟರ್‌ನಷ್ಟೇ.

ವ್ಯಾಲರಂಟ್ ಆಡುವಾಗ ಅಲ್ಟ್ರಾವೈಡ್‌ನ ಎರಡೂ ಬದಿ ಕಪ್ಪು ಪಟ್ಟಿ ಬರುತ್ತೆ. ಅಂಥ ಗೇಮ್‌ಗಳನ್ನೇ ಹೆಚ್ಚು ಆಡೋರಿಗೆ 24 ಇಂಚಿನ, 144 ಹರ್ಟ್ಸ್‌ನ ಫುಲ್ ಎಚ್‌ಡಿ ಸಾಕು. ಕಾರ್ ರೇಸಿಂಗ್ ಇಷ್ಟಪಡುವವರು ಅಗಲಕ್ಕೆ ಹೋಗಬಹುದು.

ಮನೆಗೆ ತಂದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ನೋಡೋದನ್ನ ಮರೀಬೇಡಿ. ದುಡ್ಡು ಕೊಟ್ಟಿದ್ದು 144ಕ್ಕೆ, ಓಡ್ತಿರೋದು 60ರಲ್ಲಿ ಅಂತಾಗಬಾರದು!