ಹೆಜ್ಜೆಗೂಡಿದ ಬೆಳಕು

ಅಂಗಡಿಯಲ್ಲಿ ಲೆಕ್ಕ ಹಾಕುವಾಗ ಪೊಟ್ಟಣದ ಕಪ್ಪು ಗೀರುಗಳ ಮೇಲೆ ಕೆಂಪು ಬೆಳಕಿನ ಎಳೆಯೊಂದು ಹಾಯುವುದನ್ನು ತಾವು ಕಂಡಿರಬಹುದು. ಎಷ್ಟೋ ಕಡೆ ಅದು ಲೇಸರ್ ಕಿರಣ. ಕಣ್ಣಿನ ಚಿಕಿತ್ಸೆಗೂ, ಗಾಜಿನ ತಂತುವಿನೊಳಗೆ ದೂರದ ಮಾತನ್ನು ಸಾಗಿಸುವುದಕ್ಕೂ ಅದು ಒದಗುತ್ತದೆ. ದೀಪದ ಬೆಳಕಿಗೂ ಇದಕ್ಕೂ ಏನು ಭೇದ?

ಬಸವನಗುಡಿಯ ಕಡಲೆಕಾಯಿ ಪರಿಷೆಯ ಸಂದಣಿಯನ್ನು ನೆನೆಯಿರಿ. ಒಬ್ಬೊಬ್ಬರದು ಒಂದೊಂದು ದಿಕ್ಕು, ಒಂದೊಂದು ನಡೆ. ದೀಪದ ಬೆಳಕು ಅಂಥದು. ಪಲ್ಲಕ್ಕಿ ಹೊತ್ತವರಾದರೋ ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಂದೇ ಕಡೆಗೆ ನಡೆಯುತ್ತಾರೆ. ಲೇಸರ್ ಬೆಳಕು ಇಂಥದು. ಶಕ್ತಿ ತುಂಬಿಕೊಂಡ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದರೆ, ಆ ಪರಮಾಣು ಅದೇ ಬಣ್ಣದ, ಅದೇ ದಿಕ್ಕಿನ ಇನ್ನೊಂದು ಕಣವನ್ನು ಹೊರಬಿಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎದುರುಬದುರಾದ ಕನ್ನಡಿಗಳ ನಡುವೆ ಓಡಾಡುತ್ತ ಬೆಳಕು ಬಲಿಯುತ್ತದೆ. ಐನ್‌ಸ್ಟೀನರು 1917ರಲ್ಲಿ ವಿವರಿಸಿದ ಈ ತತ್ತ್ವದಿಂದ, 1960ರಲ್ಲಿ ಅಮೆರಿಕದ ಥಿಯೋಡರ್ ಮೇಮನ್ ಮಾಣಿಕ್ಯದ ಸಣ್ಣ ಕಡ್ಡಿಯಲ್ಲಿ ಮೊದಲ ಲೇಸರ್ ಬೆಳಗಿಸಿದರು.

ಅದೇ ವರ್ಷ ಅದೇ ದೇಶದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನಮ್ಮವರೊಬ್ಬರು ನ್ಯೂಕ್ಲಿಯರ್ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. ಪ್ರಯೋಗಶಾಲೆಯ ದಾರಿ ತೆರೆದಿದ್ದರೂ ಅವರು ಮರಳಿದ್ದು, 1946ರಿಂದ ಪಾಠ ಹೇಳಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ. 1961ರಲ್ಲಿ ಪ್ರಿನ್ಸಿಪಾಲರಾದರು. ಮರುವರ್ಷವೇ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ಬುಧವಾರದ ಸಂಜೆ ಅಲ್ಲಿ ವಿಜ್ಞಾನಿಗಳು ಮಾತನಾಡುವರು. ವಿದ್ಯಾರ್ಥಿಯಾಗಲಿ, ಗುಮಾಸ್ತರಾಗಲಿ, ಯಾರು ಬೇಕಾದರೂ ಬಂದು ಕೇಳಬಹುದಾಗಿತ್ತು. 1965ರಲ್ಲಿ ಜಯನಗರದಲ್ಲಿಯೂ ನ್ಯಾಷನಲ್ ಕಾಲೇಜು ಆರಂಭವಾಯಿತು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಅವರಿಗೆ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಮನೆಯಾಗಿತ್ತು. 2005ರಲ್ಲಿ ಅವರು ತೀರಿಕೊಂಡರು.

ಅಷ್ಟು ಓದಿ ಕೊನೆಗೆ ಮೇಷ್ಟರಾಗುವುದೇ ಎಂದು ನಮ್ಮ ಮನೆಗಳಲ್ಲಿ ಮೂಗು ಮುರಿಯುವುದುಂಟು. ಲೇಸರಿನ ಪಾಠವೇ ಇದಕ್ಕೆ ಉತ್ತರ. ಸುತ್ತಣ ಪರಮಾಣುಗಳು ಮೊದಲೇ ಶಕ್ತಿ ತುಂಬಿಕೊಂಡಿರದಿದ್ದರೆ, ಬಂದ ಬೆಳಕಿನ ಕಣ ಅಲ್ಲಿಯೇ ಇಂಗಿಹೋಗುತ್ತದೆ, ಬೆಳೆಯುವುದಿಲ್ಲ. ಹೊಸ ಅರಿವಿನ ಗತಿಯೂ ಇಷ್ಟೆ. ಅದನ್ನು ಕಂಡವರು ಒಬ್ಬರಾದರೆ, ಅದು ಇಂಗದಂತೆ ಸಾವಿರ ಮನಸ್ಸುಗಳನ್ನು ಅಣಿಗೊಳಿಸುವವರು ಬೇರೆ ಬೇಕು. ನರಸಿಂಹಯ್ಯನವರು ಆಯ್ದುಕೊಂಡದ್ದು ಈ ಎರಡನೆಯ ಕೆಲಸವನ್ನು. ಅದು ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಆ ಕೆಂಪು ಎಳೆ ಏನೆಂದು ಮಗು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಅದನ್ನು ನೇರವಾಗಿ ದಿಟ್ಟಿಸಬಾರದೆಂದು ಮೊದಲು ಎಚ್ಚರಿಸಿ. ಬಳಿಕ ಪಲ್ಲಕ್ಕಿಯ ಕಥೆ ಹೇಳಿ.