ದೀರ್ಘ ರೋಗನಾಮವನ್ನು ಬಿಡಿಸಿ ಓದಿಸುವ ಬಗೆ

ಇಂಗ್ಲಿಷ್ ನಿಘಂಟುಗಳಲ್ಲಿ ಸ್ಥಾನ ಪಡೆದಿರುವ ಅತಿ ದೀರ್ಘ ಪದಗಳಲ್ಲಿ 45 ಅಕ್ಷರಗಳ ಒಂದು ರೋಗನಾಮವು ಪ್ರಸಿದ್ಧವಾಗಿದೆ: ನ್ಯೂಮನೋಅಲ್ಟ್ರಾಮೈಕ್ರೋಸ್ಕಾಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘವಾದ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಅಧ್ಯಕ್ಷ ಎವೆರೆಟ್ ಸ್ಮಿತ್ ಇದನ್ನು ರಚಿಸಿದರು. ವೈದ್ಯರ ಬಳಕೆಯಲ್ಲಿರುವುದು ಸಿಲಿಕೋಸಿಸ್ ಎಂಬ ಚಿಕ್ಕ ಹೆಸರು. ಆದರೂ ಪದವಿಭಜನೆಯ ಅಭ್ಯಾಸಕ್ಕೆ ಈ ದೀರ್ಘ ಪದವು ಬಹಳ ಅನುಕೂಲವಾಗಿದೆ.

ಉಚ್ಚಾರಣೆ: ಪದದಲ್ಲಿ 19 ಉಚ್ಚಾರಾಂಶಗಳಿವೆ. ನ್ಯೂ-ಮ-ನೊ, ಅಲ್-ಟ್ರ, ಮೈ-ಕ್ರೊ-ಸ್ಕಾ-ಪಿಕ್, ಸಿ-ಲಿ-ಕೊ, ವಾಲ್-ಕೇ-ನೊ, ಕೋ-ನಿ-ಓ-ಸಿಸ್ ಎಂದು ಆರು ಗುಂಪುಗಳಾಗಿ ನಿಲ್ಲಿಸಿ ಹೇಳಿಸಬೇಕು. ಮೊದಲ ಅಕ್ಷರವಾದ 'ಪಿ'ಯನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಕನ್ನಡದಲ್ಲಿ ಬರೆದುದೆಲ್ಲವೂ ಉಚ್ಚಾರವಾಗುವುದರಿಂದ ಮಕ್ಕಳು ಎಡವುವುದು ಇಲ್ಲಿಯೇ. ಸ್ವರದ ಮುಖ್ಯ ಒತ್ತು ಕೊನೆಯ ಗುಂಪಿನ 'ಓ' ಮೇಲೆ ಬೀಳುತ್ತದೆ.

ಪದಚ್ಛೇದ: ನ್ಯೂಮನ್ ಎಂದರೆ ಗ್ರೀಕ್ ಭಾಷೆಯಲ್ಲಿ ಶ್ವಾಸಕೋಶ; ಅಲ್ಟ್ರಾ ಎಂದರೆ ಲ್ಯಾಟಿನ್‌ನಲ್ಲಿ ಆಚೆಗಿನ; ಮೈಕ್ರೋಸ್ಕಾಪಿಕ್ ಎಂದರೆ ಸೂಕ್ಷ್ಮದರ್ಶಕದಿಂದಲೇ ಕಾಣುವಷ್ಟು ಸಣ್ಣದಾದ; ಸಿಲಿಕೋ ಎಂದರೆ ಮರಳಿನಲ್ಲಿಯೂ ಕಲ್ಲಿನಲ್ಲಿಯೂ ಇರುವ ಸಿಲಿಕಾ; ವಾಲ್ಕೇನೋ ಎಂದರೆ ಜ್ವಾಲಾಮುಖಿ; ಕೋನಿಸ್ ಎಂದರೆ ಗ್ರೀಕ್‌ನಲ್ಲಿ ಧೂಳು; ಓಸಿಸ್ ಎಂಬುದು ರೋಗಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ನ್ಯೂಮನ್, ಸಿಲಿಕ್ ಎಂಬ ಅಂಗಗಳ ಕೊನೆಯಲ್ಲಿ ಸೇರಿರುವ 'ಓ' ಕೇವಲ ಜೋಡಿಸುವ ಸ್ವರ, ಅದಕ್ಕೆ ಅರ್ಥವಿಲ್ಲ. 'ಮನೆಯನ್ನು' ಎಂಬಲ್ಲಿ ಆಗಮವಾಗಿ ಬರುವ ಯಕಾರವನ್ನು ಬಲ್ಲ ಮಕ್ಕಳಿಗೆ ಇದು ಹೊಸ ಸಂಗತಿಯೆನಿಸದು.

ಅರ್ಥಗ್ರಹಣ: ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ. 'ಅರಮನೆ' ಎಂದರೆ ಅರಸನಲ್ಲ, ಮನೆ. ಇಲ್ಲಿಯೂ ವಿಗ್ರಹವನ್ನು ಕೊನೆಯಿಂದ ಆರಂಭಿಸಬೇಕು: ರೋಗ, ಧೂಳಿನ ರೋಗ, ಜ್ವಾಲಾಮುಖಿಯ ಸಿಲಿಕಾ ಧೂಳಿನ ರೋಗ, ಅತಿಸೂಕ್ಷ್ಮವಾದ ಆ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ರೋಗ.

ಪ್ರಯೋಜನ: ಒಮ್ಮೆ ಕಲಿತ ಅಂಗಗಳು ನ್ಯುಮೋನಿಯಾ, ಟ್ಯೂಬರ್‌ಕ್ಯುಲೋಸಿಸ್, ಅನಂತಪುರ ಸೀಮೆಯಲ್ಲಿ ಕೇಳಿಬರುವ ಫ್ಲೋರೋಸಿಸ್ ಮೊದಲಾದ ಪದಗಳಲ್ಲಿ ಮತ್ತೆ ಎದುರಾಗುತ್ತವೆ. ಸಿಲಿಕೋಸಿಸ್ ಕಲ್ಲು ಒಡೆಯುವವರನ್ನೂ ಕೊರೆಯುವವರನ್ನೂ ಕಾಡುವ ರೋಗ. ಅದಕ್ಕೆ ಪೂರ್ಣ ಪರಿಹಾರ ನೀಡುವ ಔಷಧವಿಲ್ಲ; ನೀರು ಚಿಮುಕಿಸಿ ಧೂಳನ್ನು ಅಡಗಿಸುವುದೇ ಮೊದಲಾದ ತಡೆಗಳೇ ದಾರಿ. ವೈದ್ಯರ ಚೀಟಿಯಲ್ಲಿರುವ ಹೆಸರನ್ನು ಬಿಡಿಸಬಲ್ಲ ಮಗು, ರೋಗದ ಮೂಲ ಧೂಳಿನಲ್ಲಿದೆ ಎಂಬುದನ್ನು ಮನೆಯವರಿಗೆ ಕನ್ನಡದಲ್ಲಿಯೇ ತಿಳಿಸಬಲ್ಲದು.

ಅಭ್ಯಾಸ: ಸಿಲಿಕೋಸಿಸ್, ಫ್ಲೋರೋಸಿಸ್, ನ್ಯೂಮೋಕೋನಿಯೋಸಿಸ್ ಎಂಬ ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದಲೇ ಪದಚ್ಛೇದ ಮಾಡಿಸಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ ವಿಗ್ರಹವಾಕ್ಯ ಬರೆಯಿಸಬೇಕು.